ಹನ್ನೆರಡು ಸೆಕೆಂಡಿನ ನೆನಪು

ಫ್ರಿಜ್ಜು ದಿನಕ್ಕೊಂದು ಸಲ ‘ಧಡ್’ ಅನ್ನುತ್ತಿತ್ತು. ವಿಷಯ ಅಷ್ಟೇ. ಆದರೆ ಆ ಸದ್ದು ಗೋಡೆಯಾಚೆ ನಕ್ಷೆ ಬರೆಯುವ ಡ್ರಾಯಿಂಗ್ ಮೇಡಂ ಕಿವಿಗೆ ಬಿತ್ತು, ಅವರ ಬಾಯಿಂದ ಇಡೀ ಕಾರ್ಖಾನೆಗೆ ಹಬ್ಬಿತು, ಕೊನೆಗೆ ಮ್ಯಾನೇಜರವರೆಗೂ ಹೋಯಿತು. ಹೊಸ ಮಾದರಿಯ ಫ್ರಿಜ್ಜು, ಮುಂದಿನ ವಾರ ಅಂಗಡಿಗಳಿಗೆ ಹೊರಡಬೇಕು. ಅದರ ಹೊಟ್ಟೆಯೊಳಗೆ ಏನೋ ಬಡಿದುಕೊಳ್ಳುತ್ತಿದ್ದರೆ ಹೇಗೆ?

ಪರೀಕ್ಷಾ ಕೋಣೆಯಲ್ಲಿ ಒಬ್ಬನೇ ಕೂರುವ ಟೆಕ್ನಿಷಿಯನ್ನನ್ನು ಎಲ್ಲರೂ ತಂತಿ ಅನ್ನುತ್ತಿದ್ದರು. ಮೈಯೂ ಹಾಗೇ, ಕೊರಳಲ್ಲಿ ಸದಾ ನೇತಾಡುತ್ತಿದ್ದುದೂ ಅದೇ. ಮ್ಯಾನೇಜರು ಬೆಳಿಗ್ಗೆಯೇ ಅವನನ್ನು ಕರೆಸಿ, ಇವತ್ತು ಐದರೊಳಗೆ ಆ ಸದ್ದನ್ನು ಹಿಡಿದು ದಾಖಲೆ ಒಪ್ಪಿಸಬೇಕು, ಇಲ್ಲದಿದ್ದರೆ ನಾಳೆಯಿಂದ ಗೋಡೌನಿನಲ್ಲಿ ಪೆಟ್ಟಿಗೆಗಳಿಗೆ ಟೇಪು ಅಂಟಿಸಬೇಕು ಎಂದರು. ಗೋಡೌನಿನ ಧೂಳಿಗೆ ತಂತಿ ಒಮ್ಮೆ ಸೀನಲು ಶುರುಮಾಡಿದರೆ ಸಂಜೆಯವರೆಗೂ ನಿಲ್ಲುತ್ತಿರಲಿಲ್ಲ.

ಅವನು ಫ್ರಿಜ್ಜಿನ ಮೈಗೆ ಅಂಗಿಯ ಗುಂಡಿಯಷ್ಟು ದೊಡ್ಡ ಸೆನ್ಸರ್ ಅಂಟಿಸಿ, ಅದನ್ನು ದಾಖಲೆ ಕಾರ್ಡಿಗೆ ಜೋಡಿಸಿದ. ಕಾರ್ಡಿನ ನೆನಪು ಬಲು ಚಿಕ್ಕದು, ಬರೀ ಹನ್ನೆರಡು ಸೆಕೆಂಡು. ಹಳೆಯ ಕಂಪನದ ಮೇಲೇ ಹೊಸದನ್ನು ಬರೆದುಕೊಳ್ಳುತ್ತ ಗಾಣದೆತ್ತಿನಂತೆ ಸುತ್ತುತ್ತಲೇ ಇರುತ್ತದೆ. ಜೋರಾಗಿ ಏನಾದರೂ ಬಡಿದಾಗ ಮಾತ್ರ ಇನ್ನೆರಡು ಸೆಕೆಂಡು ಬರೆದು ನಿಂತುಬಿಡುತ್ತದೆ, ಕೆಂಪು ದೀಪ ಹತ್ತುತ್ತದೆ. ಬಡಿತದ ಹಿಂದಿನ ಹತ್ತು ಸೆಕೆಂಡು, ಮುಂದಿನ ಎರಡು, ಎಲ್ಲವೂ ಒಳಗೆ ಭದ್ರ. ಅದನ್ನು ಕಂಪ್ಯೂಟರಿಗೆ ಸಾಗಿಸುವುದರೊಳಗೆ ಕರೆಂಟು ಹೋಯಿತೋ, ಕಾರ್ಡಿಗೆ ತನ್ನ ಹೆಸರೂ ನೆನಪಿರುವುದಿಲ್ಲ.

ಹತ್ತು ಗಂಟೆಗೆ ಕೆಂಪು ದೀಪ ಹತ್ತಿತು. ತಂತಿ ಓಡಿಬಂದು ನೋಡಿದರೆ ಸ್ಟೋರ್‌ಕೀಪರ್ ಫ್ರಿಜ್ಜಿನಲ್ಲಿ ತನ್ನ ಊಟದ ಡಬ್ಬಿಯಿಟ್ಟು ಬಾಗಿಲು ದಬ್ಬುತ್ತಿದ್ದ. ತಂತಿ ಅದನ್ನು ಅಳಿಸಿ ಕಾರ್ಡನ್ನು ಮತ್ತೆ ಸಜ್ಜು ಮಾಡಿದ. ಹನ್ನೊಂದಕ್ಕೆ ಡ್ರಾಯಿಂಗ್ ಮೇಡಂ ನೀರಿನ ಬಾಟಲಿ ತಣ್ಣಗಾಯಿತೇ ಎಂದು ನೋಡಿಹೋದರು. ಅದನ್ನೂ ಅಳಿಸಿದ. ಸುದ್ದಿ ಕೇಳಿ ಸಹಾಯಕ್ಕೆಂದೇ ಬಂದ ವಾಚ್‌ಮನ್ ಕೋಲಿನಿಂದ ಫ್ರಿಜ್ಜಿಗೆ ಒಂದು ಬಿಟ್ಟು, “ಸದ್ದು ಹಿಂಗಾ ಬರೋದು?” ಎಂದು ವಿಚಾರಿಸಿದ.

“ಇನ್ನೂ ಜೋರು ಅಣ್ಣ,” ಅಂದ ತಂತಿ. ಹಾಗೆ ಹೇಳಬಾರದಿತ್ತು. ವಾಚ್‌ಮನ್ ಇನ್ನೂ ಜೋರಾಗಿ ಬಿಟ್ಟ.

ಊಟವಾದ ಮೇಲೆ ತಂತಿ ಎಲ್ಲರನ್ನೂ ಆಚೆ ದಬ್ಬಿ ಚಿಲಕ ಹಾಕಿದ. ದಿನದಂತೆ ಕುರ್ಚಿಯನ್ನು ಫ್ರಿಜ್ಜಿಗೆ ಆನಿಸಿಕೊಂಡು, ಅದರತ್ತ ಮುಖಮಾಡಿ ಕಾವಲು ಕೂತ. ಫ್ರಿಜ್ಜಿನ ಮೋಟಾರು ತಾನಾಗಿ ನಿಂತಿತು. ಕೋಣೆ ಗಪ್‌ಚಿಪ್.

ಮೂರಕ್ಕೆ ಹತ್ತು ನಿಮಿಷವಿರುವಾಗ ‘ಧಡ್’.

ತಂತಿ ಬೆಚ್ಚಿ ನೋಡಿದರೆ ಕೆಂಪು ದೀಪ ಉರಿಯುತ್ತಿದೆ. ಯಾರೂ ಬಾಗಿಲು ತೆಗೆದಿಲ್ಲ, ಯಾರೂ ಕೋಲು ಬೀಸಿಲ್ಲ. ಚಿಲಕ ತೆಗೆದದ್ದೇ ತಡ, ಡ್ರಾಯಿಂಗ್ ಮೇಡಂ, ಸ್ಟೋರ್‌ಕೀಪರ್, ವಾಚ್‌ಮನ್ ಮೂವರೂ ಒಳನುಗ್ಗಿ, ಹೆರಿಗೆ ವಾರ್ಡಿನ ಮುಂದೆ ನಿಂತವರಂತೆ “ಆಯ್ತಾ?” ಎಂದರು.

ಹಿಡಿದದ್ದಾಗಿತ್ತು, ಸಾಗಿಸುವುದು ಬಾಕಿ. ಹನ್ನೆರಡು ಸೆಕೆಂಡಾದರೂ ಅದರಲ್ಲಿ ಲಕ್ಷಗಟ್ಟಲೆ ಅಂಕಿ. ಹಳೇ ಕೇಬಲ್ಲಿನಲ್ಲಿ ಅವು ಬಸುರಿ ಬಸವನಹುಳುವಿನಂತೆ ತೆವಳಿದವು. ನಡುವೆ ನೆಲ ಒರೆಸುವ ಅಕ್ಕ ತನ್ನ ಯಂತ್ರದ ಪ್ಲಗ್ಗು ಹಿಡಿದು ಬಂದಾಗ ಮೂವರೂ ಗೋಡೆಯ ಸಾಕೆಟ್ಟಿಗೆ ಬೆನ್ನು ಕೊಟ್ಟು ಕೈ ಚಾಚಿ ನಿಂತರು. ಇವರಿಗೆಲ್ಲ ಏನಾಗಿದೆ ಎಂದು ಗೊಣಗಿ ಅವಳೂ ಅಲ್ಲೇ ನಿಂತಳು.

ಐದಕ್ಕೆ ಹತ್ತು ನಿಮಿಷವಿರುವಾಗ ಸಾಗಣೆ ಮುಗಿಯಿತು. ಮ್ಯಾನೇಜರು ಬಂದು ಪರದೆ ನೋಡಿದರು. ಧಡ್ ಎಂದದ್ದು ಶಿಖರದಂತೆ ಎದ್ದು ಕಾಣುತ್ತಿತ್ತು. ಅದರ ಹಿಂದೆ ಮಾತ್ರ ಸಣ್ಣ ಅಲೆಗಳು, ಏರಿ ಇಳಿದು, ಏರಿ ಇಳಿದು.

“ಮೋಟಾರು ನಿಂತಿತ್ತು ಅಂತೀಯ. ಮತ್ತೆ ಇದೇನಯ್ಯಾ? ಸ್ಪೀಕರಿಗೆ ಹಾಕು.”

ತಂತಿ ಹಾಕಿದ.

ಗೊರ್ರ್… ಎಂದಿತು ಸ್ಪೀಕರು. ಸ್ವಲ್ಪ ತಡೆದು ಮತ್ತೆ, ಗೊರ್ರ್… ಆಮೇಲೆ ಧಡ್. ಉಳಿದ ಎರಡು ಸೆಕೆಂಡಿನಲ್ಲಿ ಸ್ಪಷ್ಟವಾಗಿ, “ಅಯ್ಯಮ್ಮಾ.”

ಎಲ್ಲರ ಕಣ್ಣೂ ತಂತಿಯ ಹಣೆಯ ಮೇಲಿದ್ದ ಕೆಂಪು ಬುಗುಟಿನತ್ತ ಹೊರಳಿತು.

“ನಮ್ಮನೆಯವರದ್ದೂ ಥೇಟ್ ಇದೇ ರಾಗ,” ಅಂದಳು ಅಕ್ಕ. “ಅವರು ಗೋಡೆಗೆ ಹೊಡ್ಕೋತಾರೆ.”

ಮ್ಯಾನೇಜರು ಮಾತಿಗೆ ತಪ್ಪುವವರಲ್ಲ. ದಾಖಲೆ ಐದರೊಳಗೇ ಬಂದಿದೆ, ಫ್ರಿಜ್ಜೂ ಸರಿಯಾಗಿದೆ, ಆದ್ದರಿಂದ ತಂತಿ ಗೋಡೌನಿಗೆ ಹೋಗಬೇಕಾಗಿಲ್ಲ ಎಂದರು. ತಂತಿ ಕೈಮುಗಿದ.

“ಆ ಕುರ್ಚಿ ಹೋಗಲಿ,” ಎಂದರು.

ಸ್ಟೋರ್‌ಕೀಪರ್ ಕುರ್ಚಿಯನ್ನು ತಲೆಯ ಮೇಲೆ ಹೊತ್ತುಕೊಂಡು ಹೊರಟ. ಬಾಗಿಲವರೆಗೂ ಅದರ ಹಿಂದೆಯೇ ಹೋದ ತಂತಿ ಮರಳಿ ಬಂದು, ಎಲ್ಲಿ ಕೂರುವುದೆಂದು ತಿಳಿಯದೆ ಸುತ್ತ ನೋಡಿದ.