ಅಳಿಯನ ಸಸ್ತಾ ಮೀಟರು

ಭಾನುವಾರದ ನಡುನೋವು ಅಮರನಾಥನಿಗೆ ಶನಿವಾರವೇ ಶುರುವಾಗುತ್ತಿತ್ತು. ಕಾರಣ ನೀರು. ಗಾಜಿಪುರದ ಅವನ ಮನೆಗೆ ನಲ್ಲಿ ನೀರು ಧಾರಾಳವಾಗಿಯೇ ಬರುತ್ತಿತ್ತು. ಆದರೆ ಹೆಂಡತಿ ಶೀಲಾಳ ಪ್ರಕಾರ ತೊಗರಿ ಬೇಳೆ ಬೇಯುವುದು ಭೂಮಂಡಲದಲ್ಲಿ ಒಂದೇ ನೀರಿನಲ್ಲಿ. ಅದು ಕಮಲಾಪುರದ ಅವಳ ತವರುಮನೆಯ ಬಾವಿಯದು. ಹೀಗಾಗಿ ಅವನು ವಾರವಾರ ಬೈಕಿಗೆ ಎರಡು ಕ್ಯಾನು ಕಟ್ಟಿಕೊಂಡು ದಂಡಯಾತ್ರೆ ಹೊರಡಬೇಕಿತ್ತು. (ಹೋಗುವಾಗ ಅಳಿಯ, ಬರುವಾಗ ಟ್ಯಾಂಕರು.)

ನೀರಿನಲ್ಲಿ ಕರಗಿದ ಉಪ್ಪು-ಸುಣ್ಣ ಎಷ್ಟೆಂದು ತೋರಿಸುವ ಟಿಡಿಎಸ್ ಮೀಟರು ಸಿಗುತ್ತದೆಂದು ತಿಳಿದ ದಿನ ಅವನಿಗೆ ಜ್ಞಾನೋದಯವಾಯಿತು. ಅಂಕಿ ಹೆಚ್ಚಾದಷ್ಟೂ ನೀರು ಗಡಸು. ಬಾವಿಯ ಬಣ್ಣ ಒಮ್ಮೆ ಬಯಲಾದರೆ ನಡುವಿಗೆ ಮುಕ್ತಿ!

ಸ್ಟೇಶನ್ ಬಜಾರದ ಅಂಗಡಿಯ ಮಾಲೀಕ ಬುರ್ಹಾನುದ್ದೀನ್ ಎರಡು ಮೀಟರು ಮುಂದಿಟ್ಟ.

"ಇದು ತುಟ್ಟಿ ಅದ್ರಿ. ಟಿಡಿಎಸ್ ಜೊತಿಗಿ ಪಿಎಚ್ಚೂ ತೋರಸ್ತದ. ನೀರು ಹುಳಿ ಅದನೋ ಇಲ್ಲೋ ತಿಳೀತದ."

"ಹುಳಿ ತಿಳೀಲಿಕ್ಕ ನಾಲಿಗಿ ಅದ. ಸಸ್ತಾದ್ದು ಕೊಡ್ರಿ."

"ಅದೂ ಬರೋಬರಿ ತೋರಸ್ತದ ಸಾಬ್. ಆದ್ರ ನೋಡ್ಲಿಕ್ಕ ಬಡವ ಅದ, ಯಾರೂ ಭರೋಸಾ ಮಾಡಂಗಿಲ್ಲ."

ಮನೆಯಲ್ಲಿ ಶೀಲಾ ಪೆನ್ನಿನಂತಿದ್ದ ಆ ಅಗ್ಗದ ಮೀಟರು ನೋಡಿ ನಕ್ಕಳು. "ಈ ಪೆನ್ನು ನಮ್ಮ ಬಾವಿಗಿ ಮಾರ್ಕ್ಸ್ ಕೊಡ್ತದೇನ್ರಿ?"

"ಇದು ಹೇಳಿದ್ದೇ ಹೈಕೋರ್ಟಿನ ತೀರ್ಪು. ಒಪ್ಪತೀ?"

"ಒಪ್ಪೀನಿ. ಉಲ್ಟಾ ಬಿದ್ರ ನಾಕು ಕ್ಯಾನ್ ತರಬೇಕು."

ಭಾನುವಾರ ಇಬ್ಬರೂ ಕಮಲಾಪುರಕ್ಕೆ ಹೋದರು. ಅಳಿಯ ಹೊಸ್ತಿಲು ದಾಟುತ್ತಲೇ ಅತ್ತೆ ಶಂಕ್ರಮ್ಮ ಎಂದಿನಂತೆ ತಳತಳಿಸುವ ತಂಬಿಗೆಯಲ್ಲಿ ನೀರು, ಜೊತೆಗೆ ಬೆಲ್ಲ ತಂದಿಟ್ಟರು. ಅವನು ಗುಟುಕೂ ಕುಡಿಯದೆ, ಮನೆಮಂದಿಯನ್ನೆಲ್ಲ ಕರೆದು ನಿಲ್ಲಿಸಿ, ಮೀಟರನ್ನು ತಂಬಿಗೆಗೆ ಅದ್ದಿದ.

ನಲವತ್ತೆಂಟು!

ಝಾಡಿಸಿ ಮತ್ತೆ ಅದ್ದಿದ. ಅದೇ ನಲವತ್ತೆಂಟು. ಗಾಜಿಪುರದ ನಲ್ಲಿ ನೀರೇ ಮುನ್ನೂರು ದಾಟಿತ್ತು. ಶೀಲಾ ಒಳಗೆ ಹೋಗಿ ಇನ್ನೆರಡು ಕ್ಯಾನು ತಂದಿಟ್ಟಳು.

ಅವನು ಬಾವಿಕಟ್ಟೆಯಲ್ಲಿ ಕ್ಯಾನು ತುಂಬುತ್ತಿದ್ದಾಗ ಶಂಕ್ರಮ್ಮ ಮೆಲ್ಲಗೆ ಬಂದರು.

"ಶೀಲಾಗ ಹೇಳಬ್ಯಾಡ್ರಿ. ಗಡಸು ನೀರು ನಿಮಗ ಹಿಡಸಂಗಿಲ್ಲಂತ ಮದುವಿ ಆದಾಗಿಂದ ನಿಮ್ಮ ತಂಬಿಗಿಗಷ್ಟ ಬಾಜೂ ಮನಿ ಫಿಲ್ಟರ್ ನೀರು ತರ್ತೀನಿ. ಆಕಿಗಿ ತಿಳದ್ರ, ತವರಿನ ಬಾವಿಗಿ ಅವ್ವನೇ ಕೆಟ್ಟ ಹೆಸರಿಟ್ಲಂತ ನೊಂದ್ಕೋತಾಳ."

ಅಮರನಾಥನ ಕಣ್ಣು ತೇವವಾಯಿತು. ಅವನ ಹೊಟ್ಟೆಯ ಬಗ್ಗೆ ಇಷ್ಟು ಕಾಳಜಿ ಅವನ ಸ್ವಂತ ಮನೆಯಲ್ಲೂ ಯಾರಿಗೂ ಇರಲಿಲ್ಲ. ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಟ್ಟ.

ಆದರೆ ಶೀಲಾಳನ್ನು ಬಸ್ಸು ಹತ್ತಿಸಿ, ಬೈಕಿನಲ್ಲಿ ನಾಲ್ಕು ಕ್ಯಾನು ಹೊತ್ತು ಗಾಜಿಪುರ ಮುಟ್ಟುವಷ್ಟರಲ್ಲಿ ಆ ತೇವ ಆರಿತ್ತು. ಗುಟ್ಟು ಹೇಳಬಾರದು, ಸರಿ, ಅಂಕಿ ತೋರಿಸಬಾರದೆಂದೇನಿಲ್ಲವಲ್ಲ! ಕ್ಯಾನಿನ ಮುಚ್ಚಳ ತೆಗೆದು ಮೀಟರು ಅದ್ದಿದ. ಸಾವಿರದ ಇನ್ನೂರು!

"ಶೀಲಾ, ಬಾ ಇಲ್ಲಿ! ನೋಡು ನಿಮ್ಮ ಬಾವಿ ಪ್ರತಾಪ!"

ಶೀಲಾ ನೋಡಿದಳು. "ಬೈಕಿನ ಮ್ಯಾಲ ಕುಲುಕಾಡಿ ಕೆಟ್ಟದ. ಮುಂಜಾನಿ ಅವ್ವನ ಮನ್ಯಾಗ ಬರೋಬರಿ ಇತ್ತಲ್ಲ?"

"ಮೀಟರ್ ಕೆಟ್ಟಿಲ್ಲ! ಮುಂಜಾನಿ ಅದ್ದಿದ ನೀರು..." ಎಂದವನು ಶಂಕ್ರಮ್ಮನ ಮುಖ ನೆನಪಾಗಿ ಬಾಯಿ ಮುಚ್ಚಿಕೊಂಡ.

"ಆ ನೀರು ಏನ್ರಿ?"

"ಭಾಳ ಛಲೋ ಇತ್ತು."

"ಮತ್ತ! ಸಸ್ತಾ ತಂದ್ರ ಹಿಂಗ. ಈ ವಾರ ಆ ತುಟ್ಟಿದು ತರ್ರಿ. ಭಾನುವಾರ ಅವ್ವನ ತಂಬಿಗ್ಯಾಗೇ ಅದ್ದಿ ನೋಡೋಣು. ಮತ್ತ ನಲವತ್ತೆಂಟೇ ತೋರಿಸ್ತಂದ್ರ ಆರು ಕ್ಯಾನ್."

ಅಮರನಾಥ ನಡುವಿಗೆ ಹಚ್ಚುವ ಮುಲಾಮು ಹುಡುಕುತ್ತ ಒಳಗೆ ಹೋದ.