ಕಾಶಿಗೆ ಹೊರಟ ಗಿಳಿಹಸಿರು ಶೂ

ಬೆಳಿಗ್ಗೆ ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆ ಇಟ್ಟರೆ ಹಿಮ್ಮಡಿಗೆ ಯಾರೋ ಮೊಳೆ ಹೊಡೆದ ಹಾಗೆ. ಡಾಕ್ಟರು ಕಾಲು ತಿರುಗಿಸಿ ನೋಡಿ, ನಿಮ್ಮದು ಚಪ್ಪಟೆ ಪಾದ, ಒಳಗೆ ಒಳ್ಳೆಯ ಆಸರೆ ಇರುವ ರನ್ನಿಂಗ್ ಶೂ ಹಾಕಿ ಎಂದರು. ನಾನು ಕಡೆಯ ಸಲ ಓಡಿದ್ದು ಬಸ್ಸಿನ ಹಿಂದೆ. ಆದರೂ ಒಪ್ಪಿಕೊಂಡೆ. ಅಂತರಸನಹಳ್ಳಿಯ ಕಾರ್ಖಾನೆಯೊಂದರ ಸ್ಟೋರಿನಲ್ಲಿ ಯಾವ ಡಬ್ಬ ಯಾರಿಗೆ ಹೋಗಬೇಕು ಎಂದು ನೋಡಿ ಕಳಿಸುವುದೇ ನನ್ನ ಉದ್ಯೋಗ. ಅಂಥವನಿಗೆ ಒಂದು ಜೊತೆ ಶೂ ಆರಿಸುವುದೇನು ಮಹಾ!

ಮೊದಲು ಪಾದಪರೀಕ್ಷೆ. ಡಾಕ್ಟರು ಹೇಳಿದಂತೆ ಕಾಲು ಒದ್ದೆ ಮಾಡಿಕೊಂಡು ಹಳೇ ಪೇಪರಿನ ಮೇಲೆ ನಿಂತೆ. ನಡುವೆ ಒಳಕ್ಕೆ ಬಾಗಬೇಕಾದ ಗುರುತು ಎಲ್ಲೂ ಬಾಗದೆ ಧಾರಾಳವಾಗಿ ಹರಡಿತ್ತು. ಹೆಂಡತಿ ಸರೋಜ ಬಗ್ಗಿ ನೋಡಿ, "ಏನ್ರೀ ಇದು, ರೊಟ್ಟಿ ತಟ್ಟಿದೀರಾ?" ಎಂದಳು.

ಅದೇ ವಾರ ಅವಳ ತಮ್ಮ ನಾಗರಾಜನ ಮಗಳ ಮದುವೆ, ಗುಬ್ಬಿಯ ಛತ್ರದಲ್ಲಿ. ಹುಡುಗ ಕುಣಿಗಲ್ಲಿನವನು. ನಾಗರಾಜ ನನ್ನ ಯೋಗ್ಯತೆ ಅಳೆದು ಒಂದೇ ಒಂದು ಕೆಲಸ ವಹಿಸಿದ್ದ. ಕಾಶೀಯಾತ್ರೆಯ ಸಾಮಾನು ತರುವುದು. ಮದುಮಗ ಹೊಸ ಚಪ್ಪಲಿ ಮೆಟ್ಟಿ, ಕೊಡೆ ಕೋಲು ಹಿಡಿದು ಕಾಶಿಗೆ ಹೊರಟುಬಿಡುತ್ತಾನೆ. ಹೆಣ್ಣಿನ ಅಪ್ಪ ಬೇಡಿಕೊಂಡು ವಾಪಸ್ ಕರೆತರುತ್ತಾನೆ. ಅಷ್ಟಕ್ಕೆ ಬೇಕಾದ್ದನ್ನು ನಾನು ಒದಗಿಸಬೇಕು.

ಮದುವೆಯ ಹಿಂದಿನ ಸಂಜೆ ಎರಡೂ ಕೆಲಸ ಒಟ್ಟಿಗೇ ಮುಗಿಸೋಣ ಎಂದು ತುಮಕೂರಿನ ಶೂ ಅಂಗಡಿ ಹೊಕ್ಕೆ. ಮದುಮಗನ ಚಪ್ಪಲಿ ಕೂಡಲೇ ಆಯಿತು. ಕಾಲಿನ ಅಳತೆ ಅವನದೂ ನನ್ನದೂ ಒಂದೇ. ನನ್ನ ಶೂ ವಿಷಯ ಹಾಗಲ್ಲ. ಒಳ್ಳೆಯ ಶೂ ಬೆರಳಿನ ಬುಡದಲ್ಲಿ ಮಾತ್ರ ಬಾಗಬೇಕು, ನಡುವೆ ಮಡಚಬಾರದು, ಹಿಮ್ಮಡಿಯ ಭಾಗ ಗಟ್ಟಿಯಾಗಿರಬೇಕು ಎಂದು ಡಾಕ್ಟರ ಅಪ್ಪಣೆಯಾಗಿತ್ತು. ಕೈಗೆ ಸಿಕ್ಕ ಶೂಗಳನ್ನೆಲ್ಲ ಬಗ್ಗಿಸಿದೆ, ತಿರುಚಿದೆ, ಅಮುಕಿದೆ. ಅಂಗಡಿಯವನು ಬಹಳ ಹೊತ್ತು ಸಹಿಸಿಕೊಂಡು, ಕೊನೆಗೆ ಹೇಳಿದ:

"ಸಾರ್, ಅದು ಶೂ. ಹಿಂಡಿ ಒಣಗಾಕೋಕೆ ಒಗೆದ ಬಟ್ಟೆ ಅಲ್ಲ."

ಎಲ್ಲ ಪರೀಕ್ಷೆಯಲ್ಲೂ ಗೆದ್ದದ್ದು ಒಂದೇ ಜೊತೆ. ಗಿಳಿಹಸಿರು ಬಣ್ಣ, ಕಿತ್ತಳೆ ಲೇಸು. ಬೇರೆ ಬಣ್ಣವಿರಲಿಲ್ಲ. ಹಾಕಿಕೊಂಡು ಎದ್ದು ನಿಂತೆ. ತವರಿಗೆ ಬಂದ ಮಗಳಂತೆ ಹಿಮ್ಮಡಿ ನೆಮ್ಮದಿಯಾಗಿ ಕೂತಿತು! ಬಿಚ್ಚುವ ಮನಸ್ಸಾಗದೆ ಹಾಗೇ ಹೊರಟೆ. ಅಂಗಡಿಯವನು ನನ್ನ ಹಳೇ ಚಪ್ಪಲಿಯನ್ನು ಶೂ ಬಂದ ಖಾಲಿ ಡಬ್ಬಕ್ಕೆ ಹಾಕಿಕೊಟ್ಟ. ಹೀಗೆ ಎರಡು ಡಬ್ಬ ಮನೆ ಸೇರಿ ಮಂಚದ ಕೆಳಗೆ ಕೂತವು. ಬೆಳಿಗ್ಗೆ ಅದರಲ್ಲೊಂದು ಗುಬ್ಬಿಗೆ ಹೊರಟಿತು.

ಕಾಶೀಯಾತ್ರೆ ಛತ್ರದ ಬಾಗಿಲ ಹೊರಗೆ ನಡೆಯುವಂಥದ್ದು. ಹಾಗಾಗಿ ನಾನು ಶೂ ಬಿಚ್ಚದೆ, ಪಂಚೆಯ ಕೆಳಗೆ ಹಸಿರಾಗಿ ಹೊಳೆಯುತ್ತಾ, ಪುರೋಹಿತರ ಕೈಗೆ ಕೊಡೆ ಕೊಟ್ಟೆ, ಕೋಲು ಕೊಟ್ಟೆ. ಬೀಗರ ಕಡೆಯವರೆಲ್ಲ ಸುತ್ತ ನೆರೆದಿದ್ದರು. ಗಂಭೀರವಾಗಿ ಡಬ್ಬದ ಮುಚ್ಚಳ ತೆಗೆದೆ.

ಒಳಗೆ ನನ್ನ ಹಳೇ ಚಪ್ಪಲಿ! ಹಿಮ್ಮಡಿ ಸವೆದು, ಉಂಗುಷ್ಟಕ್ಕೆ ಸರೋಜ ಹಾಕಿದ ನೀಲಿ ದಾರದ ಹೊಲಿಗೆ ಸಮೇತ ಮಲಗಿತ್ತು. ಹುಡುಗನ ಸೋದರತ್ತೆ ಬಗ್ಗಿ ನೋಡಿ, ಇದು ಆಗಲೇ ಕಾಶಿಗೆ ಹೋಗಿ ಬಂದಿರೋ ಹಂಗದೆ ಎಂದರು.

ನಾಗರಾಜ ಬೆವರಿದ. ಪುರೋಹಿತರು ಮುಹೂರ್ತ ಮೀರುತ್ತದೆ, ಹೊಸದು ಯಾವುದಾದರೂ ಸರಿ ಎಂದರು. ಅಲ್ಲಿದ್ದವರ ಕಣ್ಣು ಒಂದೊಂದಾಗಿ ನನ್ನ ಕಾಲಿನ ಮೇಲೆ ಇಳಿದವು. ನಾನು ಪಂಚೆ ಇಳಿಬಿಟ್ಟೆ. ಸರೋಜ ಕಿವಿಯ ಹತ್ತಿರ ಬಂದು ಮೆಲ್ಲಗೆ, "ಬಿಚ್ರೀ" ಎಂದಳು.

ಬಿಚ್ಚಿದೆ.

ಮದುಮಗ ಬಾಸಿಂಗ, ಜರಿಪಂಚೆ, ಗಿಳಿಹಸಿರು ಶೂ ಸಮೇತ ಹೊರಟ. ನಾಲ್ಕು ಹೆಜ್ಜೆಗೆ ನಿಲ್ಲಬೇಕಾದವನು ನಿಲ್ಲಲಿಲ್ಲ. ಗೇಟು ದಾಟಿದ. ನಾಗರಾಜ ತಟ್ಟೆ ಹಿಡಿದು ಹಿಂದೆ ಓಡಿದ. ಅಂತೂ ಹಿಡಿದು ತಂದಾಗ ಹುಡುಗ ನೇರ ನನ್ನ ಬಳಿ ಬಂದ.

"ಮಾವ, ನಂದೂ ಚಪ್ಪಟೆ ಕಾಲೇ. ಹಿಮ್ಮಡಿ ನೋವು ಅಂತ ಎಷ್ಟು ಶೂ ಹಾಕ್ದೆ, ಯಾವ್ದೂ ಹಿಂಗೆ ಇರ್ಲಿಲ್ಲ. ಎಷ್ಟು ಚೆನ್ನಾಗಿ ಆರ್ಸಿದೀರಿ."

ಕಾಶೀಯಾತ್ರೆಗೆ ಕೊಟ್ಟದ್ದು ಮದುಮಗನಿಗೇ ಸಲ್ಲಬೇಕು, ವಾಪಸ್ ಕೇಳುವ ಪದ್ಧತಿಯಿಲ್ಲ. ಆದರೂ ಊಟವಾದ ಮೇಲೆ ಮೆಲ್ಲಗೆ ಕೇಳಿನೋಡಲೇ ಎಂದೆ. ಕೇಳಿದರೆ ತಾನು ತವರಿಗೆ ಕಾಲಿಡುವ ಹಾಗಿಲ್ಲ ಎಂದಳು ಸರೋಜ. ನಾನೋ ಕಾಲೇ ಇಡಲಾರದ ಸ್ಥಿತಿಯಲ್ಲಿದ್ದೆ.

ಕುಣಿಗಲ್ಲಿನಲ್ಲಿ ಬೀಗರೂಟದ ಹೊತ್ತಿಗೆ ನನ್ನ ಕೀರ್ತಿ ಹಬ್ಬಿತ್ತು. ಬೀಗರ ಕಡೆಯ ಹಿಮ್ಮಡಿನೋವಿನವರೆಲ್ಲ ಎಲೆಯ ಮುಂದೆಯೇ ಕಾಲು ಚಾಚಿ ತೋರಿಸಿ ಸಲಹೆ ಕೇಳಿದರು. ಕೊಟ್ಟೆ. ಈಗ ಭಾನುವಾರ ಬಂದರೆ ಯಾರಾದರೊಬ್ಬ ಬೀಗರನ್ನು ಅಂಗಡಿಗೆ ಕರೆದೊಯ್ದು, ಶೂ ತಿರುಚಿ ಆರಿಸಿಕೊಡುತ್ತೇನೆ. ನನ್ನ ಕಾಲಲ್ಲಿ ಮಾತ್ರ ಮಂಚದ ಕೆಳಗೇ ಉಳಿದಿದ್ದ ಮದುಮಗನ ಚಪ್ಪಲಿ, ಹಪ್ಪಳದಷ್ಟು ಸಪಾಟು.

ಮೊನ್ನೆ ಧೈರ್ಯ ಮಾಡಿ, ನನಗೂ ಇನ್ನೊಂದು ಜೊತೆ ಶೂ ಕೊಳ್ಳಲೇ ಎಂದು ಸರೋಜಳನ್ನು ಕೇಳಿದೆ. ಅವಳು ಹುರುಳಿ ಆರಿಸುತ್ತಾ ತಲೆಯೆತ್ತದೆ ಹೇಳಿದಳು:

"ತಗೊಳ್ಳಿ, ಯಾರ್ ಬೇಡ ಅಂದ್ರು? ಕಾರ್ತೀಕದಲ್ಲಿ ನಮ್ಮಕ್ಕನ ಮಗಳ ಮದ್ವೆ, ಅಲ್ಲೂ ಕಾಶೀಯಾತ್ರೆ ಇರತ್ತೆ. ಅದೊಂದು ಮುಗೀಲಿ."