ಐದು ಬಸವರಾಜರು, ಒಂದು ಖಾಕಿ ಚೀಲ

ನಮ್ಮ ಯಜಮಾನರಷ್ಟು ಜಾಣರು ಹಾನಗಲ್ಲಿನಲ್ಲಿ ಇನ್ನೊಬ್ಬರಿಲ್ಲ. ಕೂತ ಟೊಂಗೆಯನ್ನು ಕಡಿಯಲು ಕಮಿಟಿ ಸೇರಿದವರನ್ನು ನೀವೆಲ್ಲಾದರೂ ಕಂಡಿದ್ದೀರಾ?

ನಾನು ರೊಟ್ಟಿ ಬಡಿಯುತ್ತಿದ್ದೆ. ಇವರ ಫೋನು ಬಂತು.

"ಮಂಜೂರಾತು! ಇಡೀ ಕ್ಯಾಂಪಸ್ಸಿಗೆ ಒಂದ ಇಮೇಲು, ಒಂದ ಸಾಫ್ಟ್‌ವೇರು! ನಾಳಿಂದ ಟಪಾಲು ಬಂದ್!"

"ಅಲ್ರೀ, ಟಪಾಲು ಹಂಚೋರ ನೀವು. ನಿಮ್ಮ ಗತಿ?"

"ಸ್ಟೋರ್ ರೂಮಿನ್ಯಾಗ ಒಂದು ಕುರ್ಚಿ ಕೊಡ್ತಾರಂತ." ದನಿ ಇಳಿಯಿತು. "ಫ್ಯಾನ್ ಇಲ್ಲ."

ಹಂಚಿನ ಮೇಲಿನ ರೊಟ್ಟಿ ಸೀದಿತು. ಒಂದೇ ಸೀದಿತಲ್ಲ, ದೇವರು ದೊಡ್ಡವನು.

ಇವರು ಯುನಿವರ್ಸಿಟಿಯಲ್ಲಿ ಟಪಾಲು ಗುಮಾಸ್ತರು. ಖಾಕಿ ಚೀಲ ಹೆಗಲಿಗೇರಿಸಿ ವಿಭಾಗದಿಂದ ವಿಭಾಗಕ್ಕೆ ಅಲೆಯುವವರು. ಅಲ್ಲಿ ಒಂದೊಂದು ವಿಭಾಗಕ್ಕೆ ಒಂದೊಂದು ಇಮೇಲು, ಒಂದೊಂದು ಸಾಫ್ಟ್‌ವೇರು; ಜಗಳಾಡಿದ ವಾರಗಿತ್ತಿಯರ ಹಾಗೆ ಒಂದಕ್ಕೊಂದು ಮಾತಿಲ್ಲ! ಎಲ್ಲವನ್ನೂ ಒಂದೇ ಒಲೆಗೆ ತರಲು ಕಮಿಟಿಯಾಯಿತು. ಯಾರು ಎಲ್ಲಿ ಕೂಡುತ್ತಾರೆಂಬುದು ಇವರೊಬ್ಬರಿಗೇ ಗೊತ್ತು, ಹಾಗಾಗಿ ಇವರನ್ನೂ ಸೇರಿಸಿಕೊಂಡರು.

ಹಿಡಿಯಿತು ನೋಡಿ ಹುಚ್ಚು! ಮೊದಲ ಪ್ರಯೋಗ ಮನೆಯಲ್ಲೇ. ಟ್ರಂಕು, ಬೀರು, ದೇವರ ಕಪಾಟು, ಎಲ್ಲದರ ಕೀಲಿಗಳನ್ನು ಒಂದೇ ಗೊಂಚಲು ಮಾಡಿದರು. ಮರುದಿನ ಗೊಂಚಲನ್ನು ಜೇಬಿಗಿಳಿಸಿ ಬಸ್ ಹತ್ತಿಬಿಟ್ಟರು! ಎಣ್ಣೆ, ಬತ್ತಿ, ವಿಭೂತಿ ಎಲ್ಲ ಒಳಗೆ. ಫೋನ್ ಮಾಡಿದರೆ, "ಸರ್ವರ್ ಡೌನ್ ಆಗೇತಿ ಅಂತ ತಿಳ್ಕೋ, ಸಂಜಿಗೆ ಸರಿಹೋಗ್ತೈತಿ" ಎನ್ನಬೇಕೆ! ಅಂದು ಶಿವನೂ ಕತ್ತಲಲ್ಲೇ ಕೂತ. ಪಾಪ, ಒಂದು ಕಂಪ್ಲೇಂಟೂ ಕೊಡಲಿಲ್ಲ.

ಆಮೇಲೆ ಇಮೇಲಿಗೆ ಇಡುವ ಹೆಸರಿನ ಗದ್ದಲ. ಕ್ಯಾಂಪಸ್ಸಿನಲ್ಲಿ ಐದು ಜನ ಬಸವರಾಜರು. ಕಂಪ್ಯೂಟರಿನವರು ನಂಬರು ಹಾಕುತ್ತೇವೆಂದರು. ಐದನೆಯವನಾಗಲು ಯಾರು ಒಪ್ಪುತ್ತಾರೆ? ಇವರು ಊರು ಜೋಡಿಸಿದರು: ಸವಣೂರು, ಹಿರೇಕೆರೂರು, ರಟ್ಟೀಹಳ್ಳಿ. ಉಳಿದಿಬ್ಬರೂ ದುಂಡಸಿಯವರು! ಒಬ್ಬರು ಕೆರೆ ಓಣಿಯಾದರು, ಇನ್ನೊಬ್ಬರು ಬಸ್‌ಸ್ಟ್ಯಾಂಡ್ ಓಣಿ. "ನಾ ಪ್ರೊಫೆಸರ್ ಅದೇನಿ, ಬಸ್‌ಸ್ಟ್ಯಾಂಡ್ ಬ್ಯಾಡ" ಎಂದು ಆ ಇನ್ನೊಬ್ಬರು ತಕರಾರು ಬರೆದರು. ಹೇಗೆ ಕಳಿಸಿದರು ಗೊತ್ತೇ? ಲಕೋಟೆಯಲ್ಲಿ, ಇವರದೇ ಚೀಲದಲ್ಲಿ!

ಅಂಥ ಚೀಲ, ಮಂಜೂರಾದ ಮರುದಿನ ಖಾಲಿಯಾಗಿ ಇವರ ಹೆಗಲೇರಿತು.

"ಪತ್ರನ ಇಲ್ಲ, ಚೀಲ ಯಾಕ್ರಿ?"

"ಹೆಗಲು ಕೇಳ್ತೈತಿ."

ಸಂಜೆ ಬಂದಾಗ ಚೀಲ ಉಬ್ಬಿತ್ತು. ಬರೀ ಲಕೋಟೆಗಳು!

"ಪಾಸ್‌ವರ್ಡ್" ಎಂದರು. "'ನಾವು ಮರೀತೇವಿ, ನೀವ ಇಟ್ಕೋರಿ' ಅಂತ ಎಲ್ಲಾರೂ ಅಂಟಿಸಿ ಕೊಟ್ರು. ಬಸ್‌ಸ್ಟ್ಯಾಂಡ್ ಬಸವರಾಜರೂ ಕೊಟ್ಟಾರ."

"ಅಯ್ಯ, ಅದನ್ನ ಯಾರಿಗೂ ಹೇಳಬಾರದಲ್ರೀ! ನೀವು ಓದಿದ್ರ?"

"ಇಷ್ಟು ವರ್ಷ ಮಂದಿ ಪತ್ರ ಹೊತ್ತೇನಿ. ಒಂದರ ಒಡದೇನೇನು?"

ಎಲ್ಲಕ್ಕಿಂತ ಮೇಲೆ ಕುಲಸಚಿವರ ಲಕೋಟೆಯಿತ್ತು. ಅದರ ಬೆನ್ನಿಗೆ ಬರೆದಿದ್ದರು: 'ಸ್ಟೋರ್ ರೂಮು ಬೇಡ. ನಾಳೆಯಿಂದ ನನ್ನ ಆಫೀಸಿನಲ್ಲೇ ಕೂತುಕೊಳ್ಳಿ. ಪಾಸ್‌ವರ್ಡ್ ಮರೆತವರಿಗೆ ಲಕೋಟೆ ಮುಟ್ಟಿಸಲು ಎಂದಿನಂತೆ ಎಲ್ಲ ವಿಭಾಗಕ್ಕೂ ಹೋಗಿಬನ್ನಿ.' ಇವರು ಎರಡು ಸಲ ಓದಿದರು. ಮೂರನೆಯ ಸಲಕ್ಕೆ ಕನ್ನಡಕ ತೆಗೆದು ಒರೆಸಿಕೊಂಡರು.

"ಅಲ್ಲಿ ಫ್ಯಾನ್ ಐತಿ" ಎಂದರು ಮೆಲ್ಲಗೆ.

ಚೀಲವನ್ನು ದೇವರ ಕಪಾಟಿನಲ್ಲಿಟ್ಟು ಕೀಲಿ ಹಾಕಿದೆ. ಕೀಲಿ ಈಗ ನನ್ನ ಸೆರಗಿನ ಗಂಟಿನಲ್ಲಿದೆ. ಆಮೇಲೆ ನಾಳೆಯ ದೀಪಕ್ಕೆ ಬತ್ತಿ ಹೊಸೆಯಲು ಕೂತೆ.